ಮನೆ ಬೀಳದ ಹಾಗೆ

ಅರಸೀಕೆರೆ
೧೮ ಆಗಸ್ಟ್ ೨೦೨೪

ಹೇಮಲತಾ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮನ್ನು ಒಮ್ಮೆ ಆಸ್ಪತ್ರೆಯಲ್ಲಿ, ಗಾಜಿನ ಬಾಗಿಲಿನ ಆಚೆಯಿಂದ ನೋಡಿದ್ದೇನೆ. ಆಗ ನಿಮಗೆ ಎಚ್ಚರವಿರಲಿಲ್ಲ. ನನ್ನ ಹೆಸರು ಶಾಂತಾದೇವಿ. ನಿಮ್ಮ ಮಗಳು ಬಿಂದುಶ್ರೀ ನಮ್ಮ ಮನೆಯಲ್ಲಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಹಿತ್ತಲಲ್ಲಿ ಕೂತು ಹೆಸರುಕಾಳು ಆರಿಸಿಕೊಡುತ್ತಿದ್ದಾಳೆ. ಆರಿಸಿದ್ದನ್ನು ಮತ್ತೆ ಬೆರೆಸುತ್ತಿದ್ದಾಳೆ ಎಂದರೆ ಸರಿಯಾದೀತು.

ಸಂತೋಷ್ ಅವರೂ ನಿಮ್ಮ ಅತ್ತೆ ಕಾಂತಮ್ಮನವರೂ ಹೋದ ಸುದ್ದಿಯನ್ನು ನಿಮಗೆ ತಿಳಿಸಿದ್ದಾರೆಂದು ನಿಮ್ಮ ಆರೈಕೆ ನೋಡಿಕೊಳ್ಳುತ್ತಿರುವ ಟ್ರಸ್ಟಿನ ಅಕ್ಷತಾ ಹೇಳಿದ ಮೇಲೆಯೇ ಈ ಕಾಗದಕ್ಕೆ ಕೂತೆ. ಅದರ ಬಗ್ಗೆ ನಾನು ಏನು ಬರೆದರೂ ಕಡಿಮೆ. ಬರೆಯುವುದಿಲ್ಲ.

ನಿಮ್ಮ ಕಟ್ಟಡ ಕುಸಿದ ವಾರ ನಮ್ಮ ಮಠದ ಬಳಗದ ಹೆಂಗಸರು ಚಪಾತಿ, ಚಟ್ನಿಪುಡಿ, ಕಂಬಳಿ ಕಟ್ಟಿಕೊಂಡು ಬೆಂಗಳೂರಿಗೆ ಬಂದಿದ್ದೆವು. ಬದುಕುಳಿದವರನ್ನೆಲ್ಲ ಒಂದು ಸಮುದಾಯ ಭವನದಲ್ಲಿ ಇಟ್ಟಿದ್ದರು. ಬಡಿಸುತ್ತಾ ಹೋಗುವಾಗ ಒಂದು ಮಗು ನನ್ನ ಸೆರಗು ಹಿಡಿಯಿತು. ಬಿಡಿಸಿದರೂ ಬಿಡಲಿಲ್ಲ. ಕಟ್ಟಡ ಬಿದ್ದಾಗ ಅದು ಅಂಗನವಾಡಿಯಲ್ಲಿತ್ತಂತೆ, ಅದಕ್ಕೇ ಉಳಿಯಿತಂತೆ. ಸಂಜೆಯವರೆಗೂ ಗೇಟಿನ ಹತ್ತಿರ ನಿಂತಿತ್ತಂತೆ, ಕರೆಯಲು ಯಾರೂ ಬರದೆ. ಮಕ್ಕಳ ಕಲ್ಯಾಣ ಸಮಿತಿಯವರು ನಮ್ಮ ಮನೆ ನೋಡಿ, ಊರಲ್ಲಿ ವಿಚಾರಿಸಿ, ನೀವು ಗುಣವಾಗುವ ತನಕ ಎಂದು ಮಗುವನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. ನಮ್ಮ ಯಜಮಾನರು ಜಯದೇವಪ್ಪನವರು ಕೊಬ್ಬರಿ ವ್ಯಾಪಾರದವರು. ಮಾತು ಕಡಿಮೆ. ನಮ್ಮ ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದಾರೆ.

ಒಂದು ವಿಷಯ ಹೇಗೆ ಹೇಳಲಿ ಎಂದು ತಿಳಿಯುತ್ತಿಲ್ಲ. ಮೊನ್ನೆ ನೀವು ಫೋನ್ ಮಾಡಿದಾಗ ಬಿಂದು ನಿಮ್ಮ ದನಿ ಕೇಳಿ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಮಾರನೆಯ ದಿನವೂ ಅನ್ನ ಮುಟ್ಟಲಿಲ್ಲ. ಸ್ವಲ್ಪ ಕಾಲ ಫೋನ್ ಬೇಡ ಎಂದರು ಡಾಕ್ಟರು. ಹೆತ್ತವಳಿಗೆ ಹೇಳುವ ಮಾತಲ್ಲ ಇದು. ಅದರ ಬದಲು ನಾನು ಬರೆಯುತ್ತೇನೆ. ಅವಳು ಏನು ತಿಂದಳು, ಏನು ಆಡಿದಳು, ಎಲ್ಲವನ್ನೂ.

ನಿಮ್ಮ ಮಗುವನ್ನು ಜೋಪಾನವಾಗಿ ನೋಡಿಕೊಳ್ಳುತ್ತಿರುವ,
ಶಾಂತಾದೇವಿ


ಬೆಂಗಳೂರು
೨ ಸೆಪ್ಟೆಂಬರ್ ೨೦೨೪

ಶಾಂತಾದೇವಿ ಮೇಡಂ ಅವರಿಗೆ ನಮಸ್ಕಾರ.

ನನ್ನ ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಅದಕ್ಕೆ ನಾನು ಹೇಳುತ್ತಿದ್ದೇನೆ, ಅಕ್ಷತಾ ಬರೆಯುತ್ತಿದ್ದಾಳೆ. ಅವಳ ಮುಂದೆ ಹೇಳಲಾಗದ್ದನ್ನು ಕೈ ಬಂದ ಮೇಲೆ ನಾನೇ ಬರೆಯುತ್ತೇನೆ.

ಫೋನ್ ಮಾಡುವುದಿಲ್ಲ ಮೇಡಂ. ನನ್ನ ದನಿಯಿಂದ ಅವಳ ಊಟ ನಿಲ್ಲುವುದಾದರೆ ನನ್ನ ದನಿ ಬೇಡ.

ನಾವು ಮೂರನೇ ಮಹಡಿಯಲ್ಲಿದ್ದೆವು. ಪಕ್ಕದ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದರು, ಒಂದು ವಾರದಿಂದ ಮಳೆ. ಗೋಡೆ ಬಿರುಕು ಬಿಟ್ಟಿದ್ದನ್ನು ನೋಡಿ ಮಾಲೀಕರಿಗೆ ಹೇಳಿದ್ದೆವು. ಅವತ್ತು ಇವರು ರಾತ್ರಿಯೆಲ್ಲ ಆಟೋ ಓಡಿಸಿ ಬಂದು ಮಲಗಿದ್ದರು. ನನಗೆ ಗಾರ್ಮೆಂಟ್ಸಿಗೆ ರಜಾ. ಬಿಂದುಗೆ ಅಂಗನವಾಡಿಗೆ ಹೋಗಲು ಮನಸ್ಸಿರಲಿಲ್ಲ. ಹೋಗು, ಮಧ್ಯಾಹ್ನ ನಾನೇ ಬಂದು ಕರೀತೀನಿ ಅಂತ ಹೇಳಿ ಬಿಟ್ಟುಬಂದೆ.

ಅವಳಿಗೆ ತಲೆ ಬಾಚುವಾಗ ಎಡಗಡೆಯಿಂದ ಶುರು ಮಾಡಬೇಕು. ಬಲಗಡೆ ಮೊದಲು ಮುಟ್ಟಿದರೆ ಓಡುತ್ತಾಳೆ. ಮೊಸರನ್ನಕ್ಕೆ ಉಪ್ಪು ಜಾಸ್ತಿ ಬೇಕು. ನಿದ್ದೆ ಬಂದಾಗ ಕಿವಿ ಎಳೆದುಕೊಳ್ಳುತ್ತಾಳೆ, ಅದು ಕಿವಿನೋವಲ್ಲ.

ಇಂತಿ ನಿಮ್ಮ,
ಹೇಮಲತಾ


ಅರಸೀಕೆರೆ
೩೦ ಸೆಪ್ಟೆಂಬರ್ ೨೦೨೪

ಪ್ರೀತಿಯ ಹೇಮಾ,

ವಯಸ್ಸಿನಲ್ಲಿ ಹಿರಿಯಳು ಎಂಬ ಸಲಿಗೆಯಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ. ಮೇಡಂ ಎನ್ನುವುದನ್ನು ಬಿಡು.

ಎಡಗಡೆಯಿಂದ ಬಾಚಿದೆ. ಅಲುಗಾಡದೆ ಕೂತಳು. ಆಮೇಲೆ ತಿರುಗಿ ನನ್ನ ಮುಖವನ್ನೇ ನೋಡಿದಳು, ಇದು ಯಾರು ಹೇಳಿಕೊಟ್ಟರು ಎಂಬಂತೆ. ಅಮ್ಮ ಹೇಳಿದಳು ಎಂದೆ. ಸಂಜೆ ಬಾಚಣಿಗೆ ಹಿಡಿದು ತಾನೇ ಬಂದಳು.

ಇಲ್ಲಿ ಅವಳದು ಒಂದೇ ಹಟವಾಗಿತ್ತು. ಮನೆ ಬಿಟ್ಟು ಎಲ್ಲಿಗೂ ಬರಲೊಲ್ಲಳು. ಅಂಗನವಾಡಿ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಎತ್ತಿಕೊಂಡು ಹೋದರೆ ಬಾಗಿಲಲ್ಲೇ ಚೀರಿ ವಾಪಸು ಓಡಿಬರುತ್ತಿದ್ದಳು. ಹೊಸ ಜಾಗದ ಭಯವೆಂದುಕೊಂಡೆವು. ಎರಡು ವಾರದ ಹಿಂದೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಧಾನವಾಗಿ ಕೇಳಿದೆ. ಆಗ ಹೇಳಿದಳು.

"ನಾನು ಹೋದ್ರೆ ಮನೆ ಬಿದ್ದೋಗುತ್ತೆ ಅಜ್ಜಿ. ನೀನು ಒಳಗಿರ್ತೀಯ."

ಹೇಮಾ, ಆ ಮಗು ಇಷ್ಟು ದಿನ ನಮ್ಮ ಮನೆಯನ್ನು ಕಾಯುತ್ತಿತ್ತು.

ಯಜಮಾನರಿಗೆ ಹೇಳಿದೆ. ಅವರು ಅಂಗನವಾಡಿಯ ಅಂಗಳಕ್ಕೆ ಹೋಗಿ ನಿಂತು, ಅಲ್ಲಿಂದ ನಮ್ಮ ತಾರಸಿ ಕಾಣುತ್ತದೆಯೇ ಎಂದು ನೋಡಿಕೊಂಡು ಬಂದರು. ಈಗ ಬೆಳಿಗ್ಗೆ ಅವರು ಬಿಂದುವನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ನಾನು ತಾರಸಿಯ ಮೇಲೆ ಕೂರುತ್ತೇನೆ. ಅವಳು ಆಗಾಗ ಹೊರಗೆ ಬಂದು ನೋಡುತ್ತಾಳೆ. ನಾನು ಕೈ ಬೀಸುತ್ತೇನೆ. ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು ಎಲ್ಲ ಅಲ್ಲೇ. ಅಕ್ಕಪಕ್ಕದವರು ನಕ್ಕರು, ಈಗ ರೂಢಿಯಾಗಿದೆ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಮಗು ಸೊರಗಿದೆ, ದಿನಕ್ಕೊಂದು ಕೊಡಿ ಎಂದರು ಡಾಕ್ಟರು. ನನಗೆ ಏನು ಮಾಡಲೂ ತೋಚಲಿಲ್ಲ. ಅವಳು ಮನೆ ಬಿಟ್ಟು ಹೊರಡಲು ಕಲಿತ ಮೇಲೆ ಯಜಮಾನರು ಸಂಜೆ ರೈಲು ತೋರಿಸುತ್ತೇನೆಂದು ಸ್ಟೇಷನ್ ಕಡೆ ಕರೆದುಕೊಂಡು ಹೋಗುತ್ತಾರೆ. ವಾಪಸು ಬಂದಾಗ ಮಗುವಿನ ಬಾಯಿ ಮೊಟ್ಟೆಯ ವಾಸನೆ ಹೊಡೆಯುತ್ತದೆ. ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ನಿನ್ನ ಕೈ ಬೇಗ ಬರಲಿ.
ಶಾಂತಾದೇವಿ


ಬೆಂಗಳೂರು
೨೧ ಅಕ್ಟೋಬರ್ ೨೦೨೪

ಅಮ್ಮನವರೇ,

ಅಕ್ಷರ ಸೊಟ್ಟಗಿದೆ, ಆದರೆ ನನ್ನದೇ.

ಅಕ್ಷತಾ ಮುಂದೆ ಹೇಳಲಾಗದ್ದು ಇದು. ಮಧ್ಯಾಹ್ನ ಬಂದು ಕರೀತೀನಿ ಅಂತ ನಾನು ಮಗುವಿಗೆ ಹೇಳಿದ್ದೆ. ಕಲ್ಲಿನ ಅಡಿಯಲ್ಲಿ ಬಿದ್ದಿದ್ದಾಗ ಇವರ ಯೋಚನೆ ಬರಲಿಲ್ಲ, ಅತ್ತೆಯ ಯೋಚನೆ ಬರಲಿಲ್ಲ. ಅಂಗನವಾಡಿ ಬಿಡೋ ಹೊತ್ತಾಯಿತಲ್ಲ ಅನ್ನುವುದೊಂದೇ ತಲೆಯಲ್ಲಿತ್ತು. ಆ ಗೇಟು ಈಗಲೂ ಕಣ್ಣ ಮುಂದಿದೆ. ಕಣ್ಣು ಮುಚ್ಚಿದರೆ ಅವಳು ಅಲ್ಲಿ ನಿಂತಿರುತ್ತಾಳೆ, ನಾನು ಹೋಗುತ್ತಲೇ ಇರುತ್ತೇನೆ, ತಲುಪುವುದಿಲ್ಲ.

ನನ್ನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದುಬಿಟ್ಟರು. ಉಳಿಸಲು ತುಂಬಾ ನೋಡಿದರು, ಆಗಲಿಲ್ಲ. ಗಾಯ ಒಣಗಿದ ಮೇಲೆ ಟ್ರಸ್ಟಿನವರು ತಮ್ಮ ಪುನರ್ವಸತಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕೃತಕ ಕಾಲು ಹಾಕಿಸುತ್ತಾರಂತೆ, ನಡೆಯಲು ಕಲಿಸುತ್ತಾರಂತೆ. ಬಿಂದುಗೆ ಈಗಲೇ ಹೇಳಬೇಡಿ.

ಅವಳು ಅಪ್ಪ ಎಲ್ಲಿ ಅಂತ ಕೇಳುತ್ತಾಳಾ? ನೀವು ಬರೆಯುವುದೇ ಇಲ್ಲ. ಕೇಳಿದರೆ ದೂರದ ಊರಿಗೆ ಹೋಗಿದ್ದಾರೆ ಅಂತ ಮಾತ್ರ ಹೇಳಬೇಡಿ. ಇವರ ಆಟೋ ಸದ್ದು ಅವಳಿಗೆ ಗುರುತಿತ್ತು. ಬದುಕಿಡೀ ಕಂಡ ಕಂಡ ಆಟೋ ಒಳಗೆ ಇಣುಕುತ್ತಾಳೆ. ನಿಜವನ್ನೇ ಹೇಳಿ. ನಾನು ಹೇಳಬೇಕಾಗಿದ್ದನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ.

ನಿಮ್ಮ ಕಾಗದಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಹೆಸರುಕಾಳು ಬೆರೆಸಿದ್ದನ್ನು ಎಷ್ಟು ಸಲ ಓದಿದೆನೋ.

ಹೇಮಾ


ಅರಸೀಕೆರೆ
೧ ಡಿಸೆಂಬರ್ ೨೦೨೪

ಪ್ರೀತಿಯ ಹೇಮಾ,

ನಿನ್ನ ಕಾಲಿನ ಸುದ್ದಿ ಓದಿದ ದಿನ ನನಗೆ ಕೆಲಸ ಕೈಗೆ ಹತ್ತಲಿಲ್ಲ. ಉತ್ತರ ಬರೆಯಲು ಇಷ್ಟು ದಿನವಾದದ್ದಕ್ಕೆ ಅದೊಂದು ಕಾರಣ. ನೀನು ಒಪ್ಪಿಸಿದ ಕೆಲಸ ಇನ್ನೊಂದು.

ಹೋದ ಭಾನುವಾರ ಹಳೇಬೀಡಿಗೆ ಹೋಗಿದ್ದೆವು. ದೇವಸ್ಥಾನದ ಹತ್ತಿರ ಬಂದವಳೇ ಬಿಂದು ನಿಂತುಬಿಟ್ಟಳು. ಅಷ್ಟು ದೊಡ್ಡ ಕಲ್ಲಿನ ಚಾವಣಿ ನೋಡಿ ನನ್ನ ಸೆರಗು ಹಿಡಿದಳು. ಇದನ್ನು ಕಟ್ಟಿ ಎಷ್ಟೋ ನೂರು ವರ್ಷವಾಯಿತು, ಬಿದ್ದಿಲ್ಲ ನೋಡು ಎಂದೆ. ನೂರು ಎಂದರೆ ಅವಳಿಗೇನು ಗೊತ್ತು. ಆಗ ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಹೋದರು, ಆ ಕಡೆಯ ಬಾಗಿಲಿಂದ ಹೊರಗೆ ಬಂದರು. "ಬಿತ್ತಾ ಮಗಾ?" ಎಂದು ಕೇಳಿ ಮತ್ತೆ ಒಳಗೆ ಹೋದರು. ಮತ್ತೆ ಬಂದರು. ಪ್ರವಾಸಕ್ಕೆ ಬಂದಿದ್ದವರೆಲ್ಲ ಈ ಪಂಚೆಯುಟ್ಟ ಮನುಷ್ಯನಿಗೆ ಏನಾಗಿದೆ ಎಂದು ನೋಡುತ್ತಿದ್ದರು. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಯಾರನ್ನೂ ಹೀಗೆ ನಗಿಸಲು ಹೋದದ್ದನ್ನು ನಾನು ಕಂಡಿಲ್ಲ. ಕೊನೆಗೆ ಬಿಂದು ನಕ್ಕಳು. ಅವರ ಬೆರಳು ಹಿಡಿದು ಒಳಗೆ ಹೋದಳು.

ಆಮೇಲೆ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ತಾನಾಗಿಯೇ ಕೇಳಿದಳು, ಅಪ್ಪ ಕಲ್ಲೊಳಗೇ ಇದ್ದಾರಾ ಎಂದು. ಇಲ್ಲ ಕಂದಾ, ಅಪ್ಪ ಸತ್ತುಹೋದರು ಎಂದೆ. ಕಾಂತಜ್ಜಿನೂ ಎಂದು ಕೇಳಿದಳು. ಹೂಂ ಎಂದೆ. ತಟ್ಟೆಯ ಅನ್ನವನ್ನು ಬೆರಳಿಂದ ಸಾಲಾಗಿ ಜೋಡಿಸುತ್ತಾ ಕೂತಳು. ಅಳಲಿಲ್ಲ. ನಾನು ಅತ್ತೆ.

"ಅಮ್ಮ?"

ಅಮ್ಮ ಇದ್ದಾಳೆ, ಆಸ್ಪತ್ರೆಯಲ್ಲಿದ್ದಾಳೆ ಎಂದೆ.

"ಮತ್ತೆ ಯಾಕೆ ಬರಲ್ಲ?"

ಅದಕ್ಕೆ ಉತ್ತರ ಕೊಡಲು ನೀನು ನನಗೆ ಅಪ್ಪಣೆ ಕೊಟ್ಟಿರಲಿಲ್ಲ. ಬರುತ್ತಾಳೆ ಎಂದಷ್ಟೇ ಹೇಳಿದೆ. ಕಾಲಿನ ವಿಷಯ ಅವಳಿಗೆ ಹೇಳಲೇ? ಬರೆ.

ಶಾಂತಾದೇವಿ


ಪುನರ್ವಸತಿ ಕೇಂದ್ರ, ಬೆಂಗಳೂರು
೧೦ ಜನವರಿ ೨೦೨೫

ಅಮ್ಮನವರೇ,

ಕಾಲಿನ ವಿಷಯ ಹೇಳಿ. ಹೆದರುತ್ತಾಳೇನೋ, ಆದರೂ ಹೇಳಿ.

ಹೊಸ ಕಾಲು ಬಂದಿದೆ. ಎರಡು ಕಂಬಿಗಳ ನಡುವೆ ನಡೆಸುತ್ತಾರೆ. ಇಲ್ಲಿಯವರು ಒಳ್ಳೆಯವರು. ನೆಲಮಹಡಿಯಲ್ಲಿ ಒಂದು ಪುಟ್ಟ ಮನೆ ಕೊಡುತ್ತಾರಂತೆ, ಹತ್ತಿರದಲ್ಲೇ ಬ್ಯಾಗು ಹೊಲಿಯುವ ಘಟಕದಲ್ಲಿ ಕೆಲಸವೂ ಇದೆ. ಎಲ್ಲರೂ ಹೇಮಾ ನೀನು ಅದೃಷ್ಟವಂತೆ ಎನ್ನುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ಹೋದ ವಾರ ಕಂಬಿ ಬಿಟ್ಟು ನಡೆಯಲು ಹೋಗಿ ಬಿದ್ದೆ. ಏಳಲು ಆಗಲಿಲ್ಲ. ಯಾರೋ ಬರುವವರೆಗೆ ನೆಲದ ಮೇಲೆ ಬಿದ್ದುಕೊಂಡು ಒಂದೇ ಯೋಚಿಸಿದೆ. ಮಗು ರಸ್ತೆಗೆ ಓಡಿದರೆ ನಾನು ಹಿಂದೆ ಓಡಲಾರೆ. ಜ್ವರ ಬಂದರೆ ಎತ್ತಿಕೊಂಡು ಹೋಗಲಾರೆ. ಅಲ್ಲಿ ಅವಳು ನಗುತ್ತಾಳೆ. ಅವಳನ್ನು ನಗಿಸಲು ದೇವಸ್ಥಾನ ಹೊಕ್ಕು ಹೊರಬರುವ ತಾತ ಇದ್ದಾರೆ. ಅವಳು ನೋಡಲಿ ಅಂತ ಬಿಸಿಲಲ್ಲಿ ಕೂರುವ ನೀವಿದ್ದೀರಿ.

ಅವಳನ್ನು ನೀವೇ ಇಟ್ಟುಕೊಳ್ಳಿ ಅಮ್ಮನವರೇ. ನಿಮ್ಮ ಮಗಳಾಗಿ. ಕಾನೂನಿನ ಪ್ರಕಾರ ಏನು ಮಾಡಬೇಕೋ ಅದಕ್ಕೆ ಸಹಿ ಹಾಕುತ್ತೇನೆ. ದುಃಖದಲ್ಲಿ ಬರೆದದ್ದು ಅಂತ ತಿಳಿಯಬೇಡಿ, ತುಂಬಾ ದಿನ ಯೋಚಿಸಿದ್ದೇನೆ. ನಾನು ಅವಳನ್ನು ನೋಡದೆ ಇರಬಲ್ಲೆ. ಈಗ ಇದ್ದೇನಲ್ಲ.

ಬೇಗ ಉತ್ತರ ಬರೆಯಿರಿ. ತಡವಾದರೆ ನನ್ನ ಮನಸ್ಸು ಬದಲಾಗುತ್ತದೆ.

ಹೇಮಾ


ಅರಸೀಕೆರೆ
೨ ಮಾರ್ಚ್ ೨೦೨೫

ಪ್ರೀತಿಯ ಹೇಮಾ,

ಬೇಗ ಬರೆಯಿರಿ ಎಂದಿದ್ದೆ. ಬರೆಯಲಿಲ್ಲ. ನಿನ್ನ ಮನಸ್ಸು ಬದಲಾಗಲಿ ಎಂದು ಕಾದೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಮೊದಲ ಕೆಲವು ದಿನ ನಾನು ಕಾದದ್ದು ಅದಕ್ಕಲ್ಲ. ಪೆನ್ನು ಹಿಡಿದರೆ ಆಗಲಿ ಎಂದೇ ಬರೆಯುತ್ತಿದ್ದೆ. ಅದಕ್ಕೇ ಹಿಡಿಯಲಿಲ್ಲ. ಆ ದಿನಗಳಲ್ಲಿ ಅವಳಿಗೆ ತಲೆ ಬಾಚುವಾಗ ಇನ್ನು ಇದು ನನ್ನದೇ ಎಂದುಕೊಂಡಿದ್ದೂ ಉಂಟು.

ನಿನ್ನ ಕಾಗದವನ್ನು ಯಜಮಾನರ ಮುಂದಿಟ್ಟೆ. ಓದಿ, ಕಾಫಿಯನ್ನೂ ಕುಡಿಯದೆ ಕೊಬ್ಬರಿ ಮಂಡಿಗೆ ಹೊರಟುಹೋದರು. ಸಂಜೆ ಬಂದು ಜಗಲಿಯ ಮೇಲೆ ಕೂತು ಹೇಳಿದರು:

"ಕೊಡ್ತೀನಿ ಅಂದ್ರೆ ಇಸ್ಕೊಂಬುಡದಾ? ಗಂಡ ಹೋದ, ಕಾಲು ಹೋಯ್ತು. ಇನ್ನು ಆ ಮಗೂನೂ ನಾವೇ ಇಸ್ಕೊಂಡ್ರೆ, ನಾವು ಸಹಾಯ ಮಾಡಿದ್ದು ಯಾರಿಗೆ?"

ನನಗೆ ಸಿಟ್ಟು ಬಂತು. ನೀವೂ ಅವಳನ್ನು ಬಿಟ್ಟಿರಲಾರಿರಿ ಎಂದೆ. ಇರಕಾಗಕಿಲ್ಲ ಎಂದರು, ಅಷ್ಟೇ. ಎದ್ದು ಒಳಗೆ ಹೋದರು.

ಆಮೇಲೂ ನಾನು ಒಪ್ಪಿರಲಿಲ್ಲ ಹೇಮಾ. ಒಪ್ಪಿಸಿದವಳು ಬಿಂದು. ನೀನು ಹೇಳಿದಂತೆ ಕಾಲಿನ ವಿಷಯ ಅವಳಿಗೆ ಹೇಳಿದೆ. ಅಮ್ಮನಿಗೆ ಒಂದು ಕಾಲಿಲ್ಲ, ಹೊಸ ಕಾಲು ಹಾಕಿಕೊಂಡು ನಡೆಯಲು ಕಲಿಯುತ್ತಿದ್ದಾಳೆ ಎಂದೆ. ಹೆದರಲಿಲ್ಲ. ಒಂದು ಕಾಲು ಮಡಚಿಕೊಂಡು, ಗೋಡೆ ಹಿಡಿದು, ಹಿತ್ತಲ ತುಂಬಾ ಕುಂಟುತ್ತಾ ಸುತ್ತಿದಳು. ನಾನು ಸಾಕು ಎಂದರೂ ಬಿಡಲಿಲ್ಲ. ಸುಸ್ತಾಗಿ ಬಂದು ನನ್ನ ಪಕ್ಕದಲ್ಲಿ ಕೂತು, ನನಗೇ ತಿಳಿಯದ್ದನ್ನು ತಿಳಿಸಿಕೊಡುವವಳ ಹಾಗೆ ಹೇಳಿದಳು:

"ಹಿಂಗೆ ಬರಕ್ಕೆ ತುಂಬಾ ಹೊತ್ತಾಗುತ್ತೆ ಅಜ್ಜಿ. ಅದಕ್ಕೇ ಅಮ್ಮ ಇನ್ನೂ ಬಂದಿಲ್ಲ."

ಅವಳ ಲೆಕ್ಕದಲ್ಲಿ ನೀನು ಅಂಗನವಾಡಿಯ ಗೇಟಿಗೆ ಹೊರಟವಳು ಇನ್ನೂ ದಾರಿಯಲ್ಲಿದ್ದೀಯ. ನಿನ್ನ ಮೇಲೆ ಅವಳಿಗೆ ಕೋಪವಿಲ್ಲ. ಬರುತ್ತಿದ್ದೀಯ ಎಂದು ಕಾಯುತ್ತಿದ್ದಾಳೆ. ಅಂಥ ಮಗುವನ್ನು ನಾನು ಹೇಗೆ ನನ್ನದೆನ್ನಲಿ?

ಸಮಿತಿಯವರ ಹತ್ತಿರ ಮಾತಾಡಿದ್ದೇವೆ. ಹಬ್ಬಕ್ಕೆ ಮೊದಲು ಕರೆದುಕೊಂಡು ಬರುತ್ತೇವೆ. ನೀನು ಬಿದ್ದರೆ ಬೀಳು. ಅವಳು ಎತ್ತದಿದ್ದರೂ ಪಕ್ಕದಲ್ಲಿ ಕೂರುತ್ತಾಳೆ.

ಶಾಂತಾದೇವಿ


ಬೆಂಗಳೂರು
೨೦ ಏಪ್ರಿಲ್ ೨೦೨೫

ಅಮ್ಮನವರೇ,

ಈಗ ನಾವು ಫೋನಿನಲ್ಲಿ ಮಾತಾಡಬಹುದು, ಆಡುತ್ತಲೂ ಇದ್ದೇವೆ. ಆದರೆ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ನನಗೆ ಮಾತು ಬರುವುದಿಲ್ಲ. ಕಾಗದವೇ ರೂಢಿಯಾಗಿದೆ.

ಅವತ್ತು ನೀವಿಬ್ಬರೂ ಗೇಟು ದಾಟಿ ಹೋದಿರಿ. ನೀವು ತಿರುಗಿ ನೋಡಲಿಲ್ಲ, ಯಾಕೆಂದು ನನಗೆ ಗೊತ್ತು. ನೀವಿರುವ ತನಕ ಅವಳು ನನ್ನ ಹತ್ತಿರ ಬರಲಿಲ್ಲವಲ್ಲ, ಹೋದ ಮೇಲೂ ಬರಲಿಲ್ಲ. ಹೊಸಿಲ ಮೇಲೆ ಕೂತಳು. ಕತ್ತಲಾಗುವವರೆಗೂ ಒಳಗೆ ಬರಲಿಲ್ಲ. ಅಜ್ಜಿ ಮನೆಯನ್ನು ಈಗ ಯಾರು ಕಾಯುತ್ತಾರೆ ಎಂದು ಕೇಳಿದಳು. ಅದಕ್ಕೇ ಅವತ್ತು ನಾನು ಫೋನ್ ಮಾಡಿದ್ದು. ಜಯದೇವಪ್ಪ ಅಪ್ಪಾಜಿ ನಿಮ್ಮ ಗೋಡೆಯನ್ನು ಧಪಧಪ ಬಡಿದು ಸದ್ದು ಕೇಳಿಸಿದ ಮೇಲೆಯೇ ಅವಳು ಎದ್ದು ಒಳಗೆ ಬಂದದ್ದು.

ಮೂರು ನಾಲ್ಕು ದಿನ ಹಾಗೇ ಹೋಯಿತು. ನಾನು ಅವಳನ್ನು ಮುಟ್ಟಲು ಹೆದರುತ್ತಿದ್ದೆ. ಒಂದು ಬೆಳಿಗ್ಗೆ ಮಂಚದ ಮೇಲೆ ಕೂತು ಕಾಲು ಹಾಕಿಕೊಳ್ಳುತ್ತಿದ್ದೆ. ಅವಳು ಹತ್ತಿರ ಬಂದು ನೋಡಿದಳು. ಮೊಂಡಾಗಿರುವ ಕಡೆ ಒಂದು ಬೆರಳಿಟ್ಟಳು. ನೋಯುತ್ತಾ ಎಂದಳು. ಸ್ವಲ್ಪ ಎಂದೆ. ಆಮೇಲೆ ಬಾಚಣಿಗೆ ತಂದು ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂತಳು. ಎಂಟು ತಿಂಗಳಾಗಿತ್ತು ಆ ತಲೆ ಮುಟ್ಟಿ. ಕೂದಲು ಉದ್ದವಾಗಿದೆ, ದಪ್ಪವಾಗಿದೆ. ನೀವು ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು. ನಾನು ಬಾಚುವುದನ್ನು ಮುಗಿಸಲೇ ಇಲ್ಲ. ಅವಳೇ "ಸಾಕಮ್ಮಾ" ಎಂದಳು.

ನಿದ್ದೆಯಲ್ಲಿ ಮಾತ್ರ ಅಜ್ಜೀ ಎನ್ನುತ್ತಾಳೆ. ಮೊದಲು ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಈಗ ಕೇಳುತ್ತಾ ಮಲಗುತ್ತೇನೆ.

ಇಲ್ಲಿ ನಮ್ಮ ಸಾಲಿನ ಹೆಂಗಸರೆಲ್ಲ ಬೇಸಿಗೆ ರಜಕ್ಕೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಿದ್ದಾರೆ. ದಿನವೂ ಯಾರಾದರೊಬ್ಬರು ಬ್ಯಾಗು ಹಿಡಿದು ಬಂದು ಬೀಗದ ಕೈ ಕೊಟ್ಟು ಹೋಗುತ್ತಾರೆ. ನನ್ನ ಅಮ್ಮ ನಾನು ಎಂಟನೇ ಕ್ಲಾಸಿನಲ್ಲಿದ್ದಾಗಲೇ ಹೋದಳು, ಆ ಮನೆಯೂ ಹೋಯಿತು. ತವರು ಎನ್ನುವ ಮಾತು ಅಂದಿನಿಂದ ನನ್ನ ಬಾಯಿಂದ ಬಂದೇ ಇಲ್ಲ. ನಿನ್ನೆ ಪಕ್ಕದ ಮನೆಯಾಕೆ ನಿಮ್ಮ ಅಮ್ಮನ ತವರು ಯಾವುದು ಎಂದು ಬಿಂದುವನ್ನು ಕೇಳಿದರು. ಅವಳು ಯೋಚಿಸದೆ ಅರಸೀಕೆರೆ ಎಂದಳು.

ನಾನು ತಿದ್ದಲಿಲ್ಲ. ತಿದ್ದಬೇಕಾಗಿತ್ತೇ, ಅಮ್ಮಾ?

ಹೇಮಾ


ಅರಸೀಕೆರೆ
೨೬ ಏಪ್ರಿಲ್ ೨೦೨೫

ಹೇಮಾ,

ಅವತ್ತು ತಿರುಗಿ ನೋಡಿದ್ದರೆ ನಾನು ಬರುತ್ತಿರಲಿಲ್ಲ. ರೈಲಿನಲ್ಲಿ ತಿಪಟೂರು ದಾಟಿದ್ದು ಗೊತ್ತು. ಆಮೇಲೆ ಯಾರೋ ಬಾಣಾವರ ಬಂತು ಇಳೀರಿ ಎಂದಾಗ ಇಬ್ಬರೂ ಬೆಚ್ಚಿದೆವು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿರುವ ಮನುಷ್ಯ ತನ್ನ ಸ್ಟೇಷನ್ ಬಂದದ್ದನ್ನು ನೋಡಲಿಲ್ಲ. ಇಳಿದು ಬಸ್ಸಿನಲ್ಲಿ ವಾಪಸು ಬಂದೆವು. ಬಸ್ಸಿನಲ್ಲಿ ಅವರು ಮುಖಕ್ಕೆ ಟವೆಲು ಹಾಕಿಕೊಂಡು ನಿದ್ದೆ ಮಾಡುವವರ ಹಾಗೆ ಕೂತಿದ್ದರು. ನಾನೂ ಎಬ್ಬಿಸಲಿಲ್ಲ.

ಮನೆ ಅಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ.

ನಿನ್ನ ಕಾಗದ ಬಂದ ಮಾರನೆಯ ದಿನ ಯಜಮಾನರು ಗಾರೆಯವನನ್ನು ಕರೆಸಿ ಬಚ್ಚಲಿನ ಗೋಡೆಗೆ ಒಂದು ಕಂಬಿ, ಮುಂಬಾಗಿಲ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಿದರು. ಯಾಕೆ ಎಂದು ಕೇಳಿದ್ದಕ್ಕೆ, ನನ್ನ ಮಂಡಿ ನೋವಿಗೆ ಎಂದರು. ಅವರಿಗೆ ಮಂಡಿ ನೋವಿಲ್ಲ.

ತಿದ್ದಬೇಡ. ತವರಿಗೆ ಬರುವವಳು ಕಾರಣ ಹೇಳಬೇಕಾಗಿಲ್ಲ, ಬರಲೇ ಎಂದು ಕೇಳಬೇಕಾಗಿಲ್ಲ. ಯಾವ ರೈಲು ಎಂದು ಮಾತ್ರ ತಿಳಿಸಬೇಕು. ನಿನಗೆ ಇಳಿಯಲು ಹೊತ್ತಾಗುತ್ತದೆ, ಮೊದಲೇ ಬಾಗಿಲ ಹತ್ತಿರ ಬಂದು ನಿಲ್ಲು. ಬಿಂದುವಿನ ಕೈ ಬಿಡಬೇಡ. ನಾವು ಪ್ಲಾಟ್‌ಫಾರ್ಮಿನಲ್ಲೇ ಇರುತ್ತೇವೆ.

ಇಂತಿ,
ಅಮ್ಮ